ಕರವಸ್ತ್ರದ ಮೂಲೆಯಷ್ಟು ಚಹಾ

“ನೀವು ಏನಾದ್ರೂ ಅನ್ನಿ, ಅಲ್ಲಿ ಟೀ ಕುಡಿದು ಬಂದ ಮೇಲೆ ಇನ್ನೇನು ಕುಡಿದ್ರೂ ಪಾತ್ರೆ ತೊಳೆದ ನೀರು ಕುಡಿದ ಹಾಗಿರುತ್ತೆ ಕಣ್ರೀ.”

ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದ ಮಾತು ಇದು. ಅವಳ ಪಾಲಿಗೆ ಏನೋ ಒಂದು ಮಾತು, ಆಡಿದಳು, ಮರೆತಳು. ಆದರೆ ಒಳಗೆ ಒಲೆಯ ಮುಂದೆ ನಿಂತು, ಅವಳು ಬರುವ ಹೊತ್ತಾಯಿತೆಂದು ಹಾಲು ಹಾಕಿ ಕುದಿಸಿದ್ದ ಚಹಾವನ್ನು ಎರಡು ಲೋಟಕ್ಕೆ ಸೋಸುತ್ತಿದ್ದ ಬಣ್ಣಗಾರನ ಕೈ ಅಲ್ಲೇ ನಿಂತುಬಿಟ್ಟಿತು. ಎರಡನೆಯ ಲೋಟ ಅರ್ಧಕ್ಕೇ ಉಳಿಯಿತು.

“ಹಾಗಾದ್ರೆ ನಿನಗೆ ಬೇಡ ಅನ್ನು.”

“ಈಗಷ್ಟೇ ಕುಡಿದು ಬಂದೆನಲ್ರೀ. ನೀವು ಕುಡೀರಿ.”

“ಅಂಥದ್ದೇನು ಹಾಕ್ತಾನೆ ಅವನು ಅದಕ್ಕೆ?”

“ಏನೂ ಹಾಕಲ್ಲ. ಎಲೆ, ಬಿಸಿನೀರು. ಅಷ್ಟೇ.”

“ಹಾಲು?”

“ಇಲ್ಲ.”

“ಸಕ್ಕರೆ?”

“ಅದೂ ಇಲ್ಲ.”

“ಹಾಲಿಲ್ಲ, ಸಕ್ಕರೆ ಇಲ್ಲ! ಮನೆಗೆ ಬಂದವರಿಗೆ ಬಿಸಿನೀರು ಕೊಟ್ಟು ಹೊಗಳಿಸಿಕೊಳ್ಳೋದು ಹೇಗೆ ಅಂತ ಅವನ ಹತ್ತಿರ ಕಲೀಬೇಕು,” ಎಂದು ಬಣ್ಣಗಾರ ಎರಡೂ ಲೋಟವನ್ನು ತಾನೇ ಕುಡಿದ. ಎರಡನೆಯದನ್ನು ಕುಡಿಯುವಾಗ ನಿಜಕ್ಕೂ ಪಾತ್ರೆ ತೊಳೆದ ನೀರಿನ ರುಚಿಯೇ ಬಂದಂತಾಗಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

‘ಅವನು’ ಎಂದರೆ ಷಡ್ಡಕ. ನಾದಿನಿಯ ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ತೆಳ್ಳಗಿನ ಆಳು, ತೆಳ್ಳಗಿನ ಬೆರಳು, ಮಾತಂತೂ ಎಣ್ಣೆ ಹಾಕಿದ ಹಾಗೆ. ಎರಡು ಬೀದಿ ಆಚೆ ಮನೆ. ಅವನ ಮೇಲೆ ಬಣ್ಣಗಾರನಿಗೆ ಇಷ್ಟು ವರ್ಷ ದೂರೇನೂ ಇರಲಿಲ್ಲ. ಅವನು ಚಹಾ ಮಾಡಲು ಶುರು ಮಾಡಿದ ಮೇಲೆ ಒಂದೊಂದೇ ದೂರು ಹುಟ್ಟಿಕೊಂಡಿತು. ನಗುವಾಗ ಹಲ್ಲು ಜಾಸ್ತಿ ಕಾಣುತ್ತದೆ. ಅಂಗಿಯ ತೋಳನ್ನು ಬೇಕೆಂದೇ ಮೊಣಕೈವರೆಗೆ ಮಡಚುತ್ತಾನೆ. ಹೆಂಗಸರು ಮಾತಾಡುವಾಗ ತಲೆ ವಾಲಿಸಿ ಕೇಳುತ್ತಾನೆ. ತಲೆ ವಾಲಿಸಿ ಕೇಳುವಂಥದ್ದೇನಿರುತ್ತದೆ?

ಬಣ್ಣಗಾರನ ಮನೆಯ ಮುಂಭಾಗವೇ ಅವನ ಅಂಗಡಿ. ಮಾಸಿದ ಪರದೆ, ಬಣ್ಣ ಹೋದ ಕೋಟು, ಕುರ್ಚಿಯ ಹೊದಿಕೆ, ಏನೇ ತಂದರೂ ಹೊಸ ಬಣ್ಣ ಹಿಡಿಸಿ ಕೊಡುತ್ತಾನೆ. ದೊಡ್ಡ ದೊಡ್ಡ ಹಂಡೆಗಳು, ಮೇಲೆ ಸಾಲಾಗಿ ಕಟ್ಟಿದ ಹಗ್ಗಗಳು, ಗೋಡೆಯ ಹಲಗೆಯ ಮೇಲೆ ಬಣ್ಣದ ಪುಡಿಗಳು, ವಿನೆಗರ್ ಬಾಟಲಿಗಳು. ಅಂಗಡಿಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಹೆಂಡತಿ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಅವಳ ಮೂಗಿಗೇ ಸಂಬಳ ಎಂದು ಬೇಕರಿಯ ಯಜಮಾನ ತಮಾಷೆ ಮಾಡುವುದುಂಟು. ಒಲೆಯ ಬಾಗಿಲು ತೆಗೆಯದೆಯೇ ಯಾವ ತಟ್ಟೆ ಬೆಂದಿದೆ, ಯಾವುದು ಸೀಯುತ್ತಿದೆ ಎಂದು ಹೇಳಿಬಿಡುತ್ತಾಳೆ.

ಅವಳಿಗೆ ವಾರಕ್ಕೊಂದು ರಜೆ. ಆ ದಿನ ಮಧ್ಯಾಹ್ನ ಬಣ್ಣಗಾರನೂ ಅಂಗಡಿ ಮುಚ್ಚಿ, ಕೈ ತೊಳೆದು, ಚಹಾ ಮಾಡಿ ಹಿತ್ತಲ ಮೆಟ್ಟಿಲ ಮೇಲೆ ತಂದಿಡುತ್ತಿದ್ದ. ಇಬ್ಬರೂ ಲೋಟ ಹಿಡಿದು ಕೂತು, ಬೀದಿಯವರ ಸುದ್ದಿಯನ್ನೆಲ್ಲ ಒಗೆದು, ಹಿಂಡಿ, ಒಣಹಾಕಿ ಏಳುತ್ತಿದ್ದರು. ವಾರವೆಲ್ಲ ಬಣ್ಣದ ಹಬೆ ಕುಡಿಯುವ ಮನುಷ್ಯನಿಗೆ ಆ ಒಂದು ಮಧ್ಯಾಹ್ನವೇ ವಾರ. ಈಗ ಕೆಲವು ತಿಂಗಳಿಂದ ಆ ಮಧ್ಯಾಹ್ನ ಎರಡು ಬೀದಿ ಆಚೆ ಹೋಗಿ ಕೂತಿತ್ತು. “ತಂಗಿ ಕರೆದಿದ್ದಾಳೆ ಕಣ್ರೀ, ಹೀಗೆ ಹೋಗಿ ಹಾಗೆ ಬಂದೆ” ಎಂದು ಹೋದವಳು ಬಿಸಿಲು ಇಳಿದ ಮೇಲೆ ಬರುತ್ತಿದ್ದಳು. ಬರುವಾಗ ಮುಖ ತೊಳೆದಿಟ್ಟ ಹಾಗೆ ಇರುತ್ತಿತ್ತು. ಅದೇ ಬಣ್ಣಗಾರನಿಗೆ ತಡೆಯಲಾಗದ್ದು. ಅವಳು ಬೇಸರದ ಮುಖ ಹೊತ್ತು ಬಂದಿದ್ದರೆ ಅವನು ಎಷ್ಟು ಪ್ರೀತಿಯಿಂದ ಸಮಾಧಾನ ಮಾಡುತ್ತಿದ್ದನೋ!

ಮುಂದಿನ ರಜೆಯ ದಿನ ಅವಳು ಹೊರಡುವಾಗ ಅವನೂ ಅಂಗಿ ಬದಲಿಸಿಕೊಂಡು ನಿಂತ.

“ಎಲ್ಲಿಗೆ?”

“ನಾನೂ ಬರ್ತೀನಿ. ಕನ್ನಡಕ ಸ್ವಲ್ಪ ಸಡಿಲ ಆಗಿದೆ, ಅವನಿಗೆ ತೋರಿಸಬೇಕು.”

“ನೀವು ಕನ್ನಡಕ ಯಾವಾಗ ಹಾಕ್ಕೊಂಡ್ರಿ?”

“ಹಾಕ್ಕೊಳ್ಳಬೇಕಾ ಅಂತಾನೇ ಕೇಳೋಣ ಅಂತ.”

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿ ಮುಂದೆ ನಡೆದಳು.

ನಾದಿನಿಯ ಮನೆ ಚಿಕ್ಕದು, ಬೆಳಕು ಹೆಚ್ಚು. “ಅಯ್ಯೋ, ಭಾವ ಬಂದ್ರು! ದಾರಿ ತಪ್ಪಿ ಬಂದ್ರಾ?” ಎಂದು ನಾದಿನಿ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದಳು. ಷಡ್ಡಕ ಅಡುಗೆಕಟ್ಟೆಯ ಹತ್ತಿರ ಅದಾಗಲೇ ತೋಳು ಮಡಚಿ ನಿಂತಿದ್ದ.

“ಬನ್ನಿ ಅಣ್ಣಾ. ಸರಿಯಾದ ಹೊತ್ತಿಗೆ ಬಂದ್ರಿ.”

‘ಸರಿಯಾದ ಹೊತ್ತಿಗೇ ಬಂದಿದ್ದೀನಿ’ ಎಂದು ಬಣ್ಣಗಾರ ಒಳಗೇ ಅಂದುಕೊಂಡ.

ಆಮೇಲೆ ಅವನ ಮೈಯೆಲ್ಲ ಕಣ್ಣಾಯಿತು. ಷಡ್ಡಕ ಕೆಟಲಿನಲ್ಲಿದ್ದ ಹಳೆಯ ನೀರು ಚೆಲ್ಲಿ ನಲ್ಲಿಯಿಂದ ಹೊಸದಾಗಿ ಹಿಡಿದ. ಅದು ಕುದಿಯುವ ಸದ್ದು ಬಂದಾಗ ಪಿಂಗಾಣಿ ಜಗ್ಗಿಗೆ ಒಂದಿಷ್ಟು ಸುರಿದು, ಮಗುವಿನ ಬಾಯಿ ಮುಕ್ಕಳಿಸಿದ ಹಾಗೆ ಒಳಗೆಲ್ಲ ಆಡಿಸಿ ಚೆಲ್ಲಿದ.

“ಅದನ್ನ್ಯಾಕೆ ಚೆಲ್ಲಿದೆ?”

“ಜಗ್ಗು ತಣ್ಣಗಿದ್ರೆ ನೀರಿನ ಬಿಸಿನೆಲ್ಲ ಅದೇ ನುಂಗಿಬಿಡುತ್ತೆ ಅಣ್ಣಾ. ಎಲೆಗೆ ಏನೂ ಉಳಿಯಲ್ಲ.”

“ಓಹೋ. ಜಗ್ಗಿಗೂ ಉಪಚಾರ.”

ಆಗ ಹೆಂಡತಿ ಎದ್ದಳು. ತಂಗಿಯ ಜೊತೆ ಮಾತಾಡುತ್ತಲೇ, ತಿರುಗಿಯೂ ನೋಡದೆ, ತಲೆಯ ಮೇಲಿನ ಗೂಡಿಗೆ ಕೈಚಾಚಿ ಒಂದು ಹಸಿರು ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು ಒಮ್ಮೆ ಮೂಸಿ, ಚಮಚದಲ್ಲಿ ಎಲೆಯನ್ನು ಜಗ್ಗಿಗೆ ಹಾಕಿ, ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟಳು. ಬಣ್ಣಗಾರನ ಎದೆಗೆ ಯಾರೋ ಬಿಸಿನೀರು ಸುರಿದ ಹಾಗಾಯಿತು. ಅವನ ಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಲೂ ದೀಪ ಹಾಕುವವಳು ಇವಳು. ಇಲ್ಲಿ ನೋಡಿದರೆ ಇನ್ನೊಬ್ಬರ ಗೂಡು ಇವಳ ಕೈಗೆ ಕಂಠಪಾಠ!

ಷಡ್ಡಕ ನೀರು ಹೊಯ್ದು ಮುಚ್ಚಿಟ್ಟ. “ಈಗ ಯಾರೂ ಮುಟ್ಟಬಾರದು,” ಎಂದ. ನಾದಿನಿ ಕನ್ನಡಿಯ ಮುಂದೆ ಕೂತು ಜಡೆ ಬಿಚ್ಚಿದಳು. ಅದು ಅವರ ಗಡಿಯಾರವಂತೆ. ಅವಳು ತಲೆ ಬಾಚಿ ಹೊಸದಾಗಿ ಜಡೆ ಹೆಣೆದು ತುದಿ ಕಟ್ಟುವಷ್ಟರಲ್ಲಿ ಚಹಾ ಆಗಿರುತ್ತದಂತೆ.

“ಮುಂಚೆ ಇನ್ನೂ ಕಡು ಆಗ್ತಿತ್ತು ಭಾವ. ಕೂದಲು ಉದುರಿದ ಹಾಗೆಲ್ಲ ಟೀ ತೆಳು ಆಗ್ತಾ ಬಂದಿದೆ,” ಎಂದಳು ನಾದಿನಿ.

“ಇನ್ನು ಹತ್ತು ವರ್ಷಕ್ಕೆ ಬರೀ ನೀರೇ,” ಎಂದ ಷಡ್ಡಕ.

ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕರು. ಬಣ್ಣಗಾರ ಹೆಂಡತಿಯ ನಗುವನ್ನು ಅಳೆಯುತ್ತಾ ಕೂತ. ತನ್ನ ಯಾವ ಮಾತಿಗೆ ಇವಳು ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು? ಹಂಡೆಯೊಳಗೆ ಕಾಲು ಜಾರಿ ಬಿದ್ದು ಸೊಂಟದವರೆಗೆ ನೀಲಿಯಾದ ದಿನ ನಕ್ಕಿದ್ದಳು. ಆದರೆ ಅದು ಮಾತಿಗಲ್ಲ.

ಚಹಾ ಬಂತು. ಬಿಳಿ ಕಪ್ಪಿನಲ್ಲಿ ಕೆಂಪೂ ಅಲ್ಲದ, ಕಂದೂ ಅಲ್ಲದ, ತಳದವರೆಗೆ ಕಾಣುವ ನೀರು. ಬಣ್ಣಗಾರ ಬಾಯಿಗಿಟ್ಟ. ಕೆಟ್ಟದಾಗಿರಲಿ ಎಂದು ನಾಲಗೆಯ ಮೇಲೆ ಅಷ್ಟು ಹೊತ್ತು ನಿಲ್ಲಿಸಿಕೊಂಡ. ಆಗಲಿಲ್ಲ. ಮೊದಲು ಸ್ವಲ್ಪ ಒಗರು, ಆಮೇಲೆ ಏನೋ ಒಣಗಿದ ಹಣ್ಣಿನಂಥ ಸಿಹಿ, ನುಂಗಿದ ಮೇಲೂ ಬಾಯಲ್ಲಿ ಒಂದು ಗಮ. ಹಾಳಾದ್ದು, ಚೆನ್ನಾಗಿತ್ತು.

“ಹೇಗಿದೆ ಅಣ್ಣಾ?” ಷಡ್ಡಕ ತಲೆ ವಾಲಿಸಿದ.

“ಬಿಸಿಯಾಗಿದೆ,” ಎಂದ ಬಣ್ಣಗಾರ.

ಆದರೆ ಅವನ ತಲೆ ಆಗಲೇ ಕೆಲಸ ಶುರುಮಾಡಿತ್ತು. ಅವನ ಕಸುಬೇ ಅದು ತಾನೆ? ಗಿರಾಕಿ ಒಂದು ಚೂರು ಬಟ್ಟೆ ತಂದು “ಇದೇ ಬಣ್ಣ ಬೇಕು” ಎಂದರೆ, ಆ ಚೂರನ್ನು ಎದುರಿಗಿಟ್ಟುಕೊಂಡು ಹಂಡೆಯಲ್ಲಿ ಅದೇ ಬಣ್ಣ ಎಬ್ಬಿಸುವುದು. ಊರಲ್ಲಿ ಆ ಕೈಚಳಕ ಇನ್ನೊಬ್ಬರಿಗಿಲ್ಲ. ಬಣ್ಣ ಹಿಡಿದರೆ ಎಲ್ಲ ಹಿಡಿದ ಹಾಗೆ. ಬಣ್ಣ ನೋಡಲೆಂದೇ ಸದಾ ಜೇಬಿನಲ್ಲಿರುವ ಬಿಳಿ ಕರವಸ್ತ್ರ ತೆಗೆದು, ತುಟಿ ಒರೆಸಿಕೊಳ್ಳುವ ನೆಪದಲ್ಲಿ ಅದರ ಮೂಲೆಯನ್ನು ಕಪ್ಪಿಗೆ ಅದ್ದಿದ. ಯಾರೂ ನೋಡಲಿಲ್ಲ. ಒದ್ದೆ ಮೂಲೆಯನ್ನು ಒಳಗೆ ಮಡಚಿ ಜೇಬಿಗಿಟ್ಟುಕೊಂಡಾಗ, ಷಡ್ಡಕನ ಮನೆಯ ತಿಜೋರಿಯನ್ನೇ ಎತ್ತಿಕೊಂಡು ಬಂದಷ್ಟು ಸಂತೋಷವಾಯಿತು. ತೊಡೆ ಸ್ವಲ್ಪ ಸುಟ್ಟಿತು, ಪರವಾಗಿಲ್ಲ.

ಮಾರನೆಯ ದಿನವೇ ಚಹಾ ಎಲೆ ಮಾರುವ ಅಂಗಡಿಗೆ ಹೋದ. ಅಂಗಡಿಯಾಕೆ ಬಿಳಿ ತಟ್ಟೆಗಳ ಮೇಲೆ ಒಂದೊಂದು ಹಿಡಿ ಸುರಿದು ತೋರಿಸಿದಳು. ಒಂದು ಇಡೀ ಎಲೆ, ಕಪ್ಪು ತಂತಿಯ ಹಾಗೆ ಹುರಿಗೊಂಡದ್ದು, ನಡುನಡುವೆ ಚಿನ್ನದ ಬಣ್ಣದ ಎಳೆ ತುದಿಗಳು. ಇನ್ನೊಂದು ಮುರಿದ ಎಲೆ. ಮತ್ತೊಂದು ಮರಳಿನಷ್ಟು ಸಣ್ಣ ಪುಡಿ.

“ಮೂಸಿ ನೋಡಿ,” ಎಂದಳು.

ಬಣ್ಣಗಾರ ಮೂಸಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಮೂರನ್ನೂ ಅಂಗೈ ಮೇಲೆ ಉಜ್ಜಿದ. “ಇದರಲ್ಲಿ ಯಾವುದು ಬಣ್ಣ ಜಾಸ್ತಿ ಬಿಡುತ್ತೆ?”

“ಪುಡಿ ಬೇಗ ಬಿಡುತ್ತೆ. ಆದ್ರೆ ಹಾಲಿಲ್ಲದೆ ಕುಡಿಯೋದಾದ್ರೆ ಈ ಇಡೀ ಎಲೆ ತಗೊಳ್ಳಿ. ಬಣ್ಣ ನಿಧಾನ, ರುಚಿ ಜಾಸ್ತಿ.”

“ಬಣ್ಣಾನೇ ನಿಧಾನ ಅಂದ್ರೆ ರುಚಿ ಎಲ್ಲಿಂದ ಬರುತ್ತಮ್ಮಾ?”

ಅಂಗಡಿಯಾಕೆ ಅವನ ಉಗುರಿನ ಸಂದಿಯಲ್ಲಿದ್ದ ನೀಲಿ ನೋಡಿದಳು. “ನಿಮಗೆ ಬಟ್ಟೆಗೋ, ಬಾಯಿಗೋ?”

“ಬಾಯಿಗೇ.”

“ಯಾರ ಬಾಯಿಗೆ?”

ಕೊನೆಗೆ ಅವನ ಮಾತೂ ಅಲ್ಲ ಅವಳ ಮಾತೂ ಅಲ್ಲ ಎಂಬಂತೆ ನಡುವಿನ ಮುರಿದ ಎಲೆಯ ಪೊಟ್ಟಣ ಕಟ್ಟಿಸಿಕೊಂಡ. ಗಾಳಿಯಾಡದ ಡಬ್ಬಿಯಲ್ಲಿಡಿ, ವಾಸನೆ ಇರುವ ಕಡೆ ಇಡಬೇಡಿ ಎಂದು ಅವಳು ಹಿಂದಿನಿಂದ ಕೂಗಿದ್ದು ಅರ್ಧ ಕೇಳಿಸಿತು, ಅರ್ಧ ಬೀದಿಯ ಗಲಾಟೆಯಲ್ಲಿ ಹೋಯಿತು.

ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಪೊಟ್ಟಣವನ್ನು ಅಂಗಡಿಯ ಹಲಗೆಯ ಮೇಲೆ, ವಿನೆಗರ್ ಬಾಟಲಿಗಳ ಹಿಂದೆ ಬಚ್ಚಿಟ್ಟ. ಅವಳು ಬೇಕರಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಕೆಲಸ ಶುರು. ಒಂದು ಸಲ ನೀರು ಹೊಯ್ದು ಬೇಗ ಸೋಸಿದ, ಇನ್ನೊಂದು ಸಲ ಒಲೆಯ ಮೇಲೇ ಕುದಿಸಿದ, ಮತ್ತೊಂದು ಸಲ ಬೆಳಗಿನಿಂದ ನೆನೆಹಾಕಿದ. ಪ್ರತಿ ಸಲವೂ ಒಂದು ಬಿಳಿ ಬಟ್ಟೆಯ ಪಟ್ಟಿ ಅದ್ದಿ, ಅಂಗಡಿಯ ಹಗ್ಗಕ್ಕೆ ಒಣಹಾಕಿ, ಕರವಸ್ತ್ರದ ಮೂಲೆಯ ಪಕ್ಕ ಹಿಡಿದು ನೋಡುವುದು. ಒಂದು ಹೆಚ್ಚು ಕೆಂಪು, ಒಂದು ಮಣ್ಣು ಮಣ್ಣು, ಒಂದು ಸತ್ತ ಹಳದಿ. ಹಗ್ಗದ ತುಂಬ ಕಂದು ಪಟ್ಟಿಗಳು ತೂಗಾಡಿದವು.

ಪರದೆ ಬಿಡಿಸಿಕೊಳ್ಳಲು ಬಂದ ಗಿರಾಕಿಯೊಬ್ಬ, “ಇದೇನು ಯಜಮಾನ್ರೇ, ಯಾರಿಗೋ ದೊಡ್ಡ ಕೆಲಸ ಹಿಡಿದ ಹಾಗಿದೆ?” ಎಂದ.

“ನಮ್ಮ ಮನೆಯವಳಿಗೆ.”

“ಸೀರೆಗಾ?”

“ಬಾಯಿಗೆ,” ಎಂದು ಹೇಳಿ ಬಣ್ಣಗಾರ ನಾಲಗೆ ಕಚ್ಚಿಕೊಂಡ.

ಕೊನೆಗೊಂದು ದಿನ ಸಿಕ್ಕಿತು. ನೀರು ಹೊಯ್ದು, ಎಲೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಚೆನ್ನಾಗಿ ಹಿಂಡಿದಾಗ. ಬಣ್ಣದಲ್ಲಿ ಅದ್ದಿ ತೆಗೆದ ಬಟ್ಟೆಯನ್ನು ಹಿಂಡುವುದು ಅವನ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಕೊನೆಯ ತೊಟ್ಟಿನಲ್ಲೇ ಬಣ್ಣದ ಜೀವ ಇರುತ್ತದೆ ಎಂದು ಅವನ ನಂಬಿಕೆ. ಪಟ್ಟಿ ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿದ. ಕರವಸ್ತ್ರದ ಮೂಲೆ ಯಾವುದು, ಪಟ್ಟಿ ಯಾವುದು ಎಂದು ಹೆತ್ತ ತಾಯಿಯೂ ಹೇಳಲಾರಳು, ಹಾಗಿತ್ತು. ‘ಮಗನೇ ಷಡ್ಡಕ, ಮುಗೀತು ನಿನ್ನ ಕತೆ’ ಎಂದು ಹಂಡೆಯ ಮೇಲೆ ತಾಳ ಹಾಕಿದ. ತಾನು ಒಂದು ಗುಟುಕು ಕುಡಿದು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಬಣ್ಣ ಹಾಕಿದ ಕೋಟನ್ನು ಯಾವ ಬಣ್ಣಗಾರ ತೊಟ್ಟು ನೋಡುತ್ತಾನೆ?

ರಜೆಯ ದಿನ ಮಧ್ಯಾಹ್ನ ಹೆಂಡತಿ ಹೊರಡಲು ಚಪ್ಪಲಿ ಹುಡುಕುತ್ತಿದ್ದಳು.

“ಸ್ವಲ್ಪ ಕೂತ್ಕೊ.”

“ಯಾಕ್ರೀ?”

“ಕೂತ್ಕೊ ಅಂದ್ರೆ ಕೂತ್ಕೊ.”

ಹಿತ್ತಲ ಮೆಟ್ಟಿಲ ಮೇಲೆ ಒರೆಸಿಟ್ಟ ತಟ್ಟೆ, ಅದರ ಮೇಲೆ ಬಿಳಿ ಕಪ್ಪು, ಕಪ್ಪಿನಲ್ಲಿ ಅದೇ ಬಣ್ಣ. ಹೆಂಡತಿಯ ಹುಬ್ಬು ಮೇಲೇರಿತು. “ನೀವು ಮಾಡಿದ್ದಾ?” ಎಂದು ಅವಳು ಕೇಳಿದ ದನಿಯಲ್ಲಿ ಎಂಥ ಖುಷಿಯಿತ್ತೆಂದರೆ, ಬಣ್ಣಗಾರನಿಗೆ ಅಲ್ಲಿಗೇ ಗೆದ್ದ ಹಾಗಾಯಿತು. ಅವಳು ಕಪ್ಪನ್ನು ಮೂಗಿನ ಹತ್ತಿರ ತಂದಳು. ಅರೆಗಳಿಗೆ ನಿಂತಳು. ಒಂದು ಗುಟುಕು ಕುಡಿದಳು. ಅವಳ ಕಣ್ಣು ಕಿರಿದಾಗಿ, ಮತ್ತೆ ಅಗಲವಾಗಿ, ಗಂಟಲು ಕಷ್ಟಪಟ್ಟು ಒಮ್ಮೆ ಮೇಲೆ ಕೆಳಗೆ ಆಡಿತು.

“ಬಣ್ಣ ಚೆನ್ನಾಗಿದೆ,” ಎಂದಳು.

“ಬಣ್ಣ ಮಾತ್ರಾನಾ?”

“ರೀ, ಬೇಜಾರು ಮಾಡ್ಕೋಬೇಡಿ… ಇದಕ್ಕೆ ವಿನೆಗರ್ ಏನಾದ್ರೂ ಹಾಕಿದ್ರಾ?”

ಇಷ್ಟು ದಿನ ಮುಚ್ಚಿಟ್ಟು ಬೇಯಿಸಿದ್ದೆಲ್ಲ ಆಗ ಉಕ್ಕಿತು.

“ಹೌದು, ವಿನೆಗರ್ ಹಾಕಿದ್ದೀನಿ, ಸೋಡಾ ಹಾಕಿದ್ದೀನಿ, ನನ್ನ ತಲೆ ಹಾಕಿದ್ದೀನಿ! ಹೋಗು, ಅವನ ಮನೆಗೇ ಹೋಗು. ಅವನು ಜಗ್ಗಿಗೆ ಸ್ನಾನ ಮಾಡಿಸ್ತಾನೆ, ಅವನು ತಲೆ ವಾಲಿಸ್ತಾನೆ, ಅವನ ಜೋಕಿಗೆ ನಗು ಬರುತ್ತೆ. ನನ್ನ ಮನೇಲಿ ಉಪ್ಪು ಎಲ್ಲಿದೆ ಅಂತ ಗೊತ್ತಿಲ್ಲ, ಅವನ ಹಸಿರು ಡಬ್ಬಿ ಕಣ್ಣು ಮುಚ್ಚಿದ್ರೂ ಕೈಗೆ ಸಿಗುತ್ತೆ!”

ಹೆಂಡತಿ ಕಪ್ಪು ಕೆಳಗಿಟ್ಟಳು. “ಯಾರ ಹಸಿರು ಡಬ್ಬಿ?”

“ಅವನದು. ಇನ್ಯಾರದು?”

“ಅದು ನನ್ನದು ಕಣ್ರೀ.”

ಬಣ್ಣಗಾರ ಕಪ್ಪಿನ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದ.

“ಡಬ್ಬಿ ನನ್ನದು, ಎಲೆ ನನ್ನದು. ಅಂಗಡಿಗೆ ಹೋಗಿ ಮೂಸಿ ಮೂಸಿ ಆರಿಸಿ ತರೋಳೂ ನಾನೇ. ಅವರಿಗೇನು ಗೊತ್ತು? ಮುಂಚೆ ಅವರೂ ಪುಡೀನೇ ಕುದಿಸ್ತಿದ್ರು. ಜಗ್ಗು ಬಿಸಿ ಮಾಡೋದೂ ನಾನೇ ಹೇಳಿಕೊಟ್ಟಿದ್ದು. ಪಾಪ, ಕಲಿತ್ರು. ತೋಳು ಮಡಚೋದೊಂದು ಅವರ ಸ್ವಂತದ್ದು.”

“ಮತ್ತೆ… ಅಲ್ಲಿ ಯಾಕೆ?”

“ಮೊದಲು ಇಲ್ಲಿಗೇ ತಂದಿದ್ದೆ, ಮರೆತ್ರಾ? ‘ಟೀಯಲ್ಲಿ ಆರಿಸೋಕೆ ಏನಿದೆ, ಬಣ್ಣ ಬಂದ್ರೆ ಸಾಕು’ ಅಂದ್ರಿ. ಆಯ್ತು, ನಾನೊಬ್ಳೇ ಕುಡಿಯೋಣ ಅಂತ ಗೂಡಲ್ಲಿಟ್ಟೆ. ವಾರ ಕಳೆಯೋದ್ರೊಳಗೆ ಎಲೆಯೆಲ್ಲ ನಿಮ್ಮ ಹಂಡೆ ವಾಸನೆ. ಎಲೆ ಅಂದ್ರೆ ಹಾಗೇ ಕಣ್ರೀ, ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಎಳ್ಕೊಂಡು ಕೂರುತ್ತೆ. ಆ ಬಾಗಿಲಿನಿಂದ ದಿನವಿಡೀ ಹಬೆ ಬರುತ್ತೆ. ನಿಮಗೆ ಗೊತ್ತಾಗಲ್ಲ, ನೀವು ಅದರೊಳಗೇ ಇರ್ತೀರಿ. ಹೋಗಿ, ನಿಮ್ಮ ಎಲೆ ಎಲ್ಲಿಟ್ಟಿದ್ದೀರೋ, ಮೂಸಿ ನೋಡಿ.”

ಅವನು ಹೋಗಿ ಪೊಟ್ಟಣ ಬಿಚ್ಚಿ ಮೂಸಿದ. ಬೇರೇನೂ ಬರಲಿಲ್ಲ, ಅವನ ಅಂಗಡಿಯೇ ಬಂತು.

ಮರಳಿ ಬಂದಾಗ ಹೆಂಡತಿ ಹಗ್ಗದ ಮೇಲಿನ ಕಂದು ಪಟ್ಟಿಗಳನ್ನು ಬಾಗಿಲಿಂದಲೇ ನೋಡುತ್ತಾ ನಿಂತಿದ್ದಳು. ತುಟಿ ಬಿಗಿಹಿಡಿದಿದ್ದಳು, ಆದರೆ ಭುಜ ಕುಲುಕುತ್ತಿತ್ತು.

“ಇಷ್ಟೊಂದು ಹೊಟ್ಟೆಕಿಚ್ಚಾ ನಿಮಗೆ?”

“ಹೊಟ್ಟೆಕಿಚ್ಚೇನಿಲ್ಲ. ಕೆಲಸ ಇರಲಿಲ್ಲ, ಮಾಡಿದೆ.”

“ಸರಿ. ತಂಗಿ ಕಾಯ್ತಿರ್ತಾಳೆ, ಹೋಗಿ ಬರ್ತೀನಿ.” ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಕಪ್ಪಿನಲ್ಲಿ ಉಳಿದದ್ದನ್ನು ಮೂಗು ಮುಚ್ಚಿಕೊಂಡು ಪೂರ್ತಿ ಕುಡಿದು, ಕಪ್ಪನ್ನು ಬೋರಲು ಹಾಕಿ ಹೋದಳು.

ಬಣ್ಣಗಾರ ಮೆಟ್ಟಿಲ ಮೇಲೆ ಕೂತ. ಡಬ್ಬಿ ಹೆಂಡತಿಯದೇ ಎಂದು ತಿಳಿದ ಮೇಲೆ ಹೊಟ್ಟೆಯ ಉರಿ ಇಳಿಯಬೇಕಿತ್ತು ತಾನೆ? ಇಳಿಯಲಿಲ್ಲ. ಬೇರೆ ಕಡೆ ಹತ್ತಿಕೊಂಡಿತು. ತನ್ನ ಹೆಂಡತಿಯ ಡಬ್ಬಿ, ತನ್ನ ಹೆಂಡತಿಯ ಮೂಗು, ತನ್ನ ಹೆಂಡತಿಯ ಮಧ್ಯಾಹ್ನ. ಇಷ್ಟೂ ಆ ಗಾಜು ಉಜ್ಜುವವನ ಗೂಡಿನಲ್ಲಿ ಬಾಡಿಗೆಗೆ ಇದ್ದವು. ಅವನ ಗೂಡಿಗೆ ಯಾವ ವಾಸನೆಯೂ ಇಲ್ಲ ಎಂಬ ಒಂದೇ ಕಾರಣಕ್ಕೆ! ಬಣ್ಣಗಾರ ಎದ್ದ. ಸುತ್ತಿಗೆ, ಮೊಳೆ, ಎರಡು ಹಲಗೆ ಹುಡುಕಿದ.

ಹೆಂಡತಿ ಬಂದಾಗ ಅಡುಗೆಮನೆಯಲ್ಲಿ ಅವನಿರಲಿಲ್ಲ. ಅಂಗಡಿಗೆ ಹೋಗುವ ಬಾಗಿಲಿಗೆ ಅಡ್ಡಲಾಗಿ ಹಲಗೆ ಬಡಿದಿತ್ತು. ಸಂದಿಗಳಿಗೆಲ್ಲ ಹಳೆಯ ಕಂಬಳಿಯ ಪಟ್ಟಿ ತುರುಕಿತ್ತು. ಅವಳು “ರೀ!” ಎಂದು ಕೂಗಿದ್ದಕ್ಕೆ ಗೋಡೆಯ ಆಚೆಯಿಂದ “ಬಂದೆ, ತಾಳು” ಎಂಬ ದನಿ ಬಂತು. ಆಮೇಲೆ ಅಂಗಡಿಯ ಮುಂಬಾಗಿಲು ಹಾಕಿದ ಸದ್ದು, ಬೀದಿಯಲ್ಲಿ ಚಪ್ಪಲಿ ಸದ್ದು, ಪಕ್ಕದ ಓಣಿಯಲ್ಲಿ ಚಪ್ಪಲಿ ಸದ್ದು. ಕೊನೆಗೆ ಹಿತ್ತಲ ಕಡೆಯಿಂದ ಬಣ್ಣಗಾರ ಒಳಗೆ ಬಂದ.

“ಇದೇನ್ರೀ ಇದು?”

“ಇನ್ಮೇಲೆ ಹಬೆ ಬರಲ್ಲ.”

“ನೀವು?”

“ನಾನು ಸುತ್ತಿ ಬರ್ತೀನಿ.”

“ನಿಮ್ಮ ಅಂಗಡಿಗೆ ನೀವೇ ಬೀದಿ ಸುತ್ತಿ ಹೋಗ್ತೀರಾ? ಮಳೆ ಬಂದ್ರೆ?”

“ಕೊಡೆ ಇದೆ.”

ಹೆಂಡತಿ ಬಾಗಿಲ ಹತ್ತಿರ ಹೋಗಿ ಸಂದಿಗೆ ಮೂಗಿಟ್ಟಳು. ಮಾರನೆಯ ದಿನ ಬೇಕರಿಯಿಂದ ಬರುವಾಗ ಒಂದು ತುಂಡು ಬ್ರೆಡ್ ತಂದು ಅಡುಗೆಮನೆಯ ಗೂಡಿನಲ್ಲಿ ಮುಚ್ಚದೆ ಇಟ್ಟಳು.

“ಇದ್ಯಾಕೆ?”

“ಬ್ರೆಡ್ಡೂ ಎಲೆ ಹಾಗೇನೇ. ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಮೂಸಿದ್ರೆ ಗೂಡಿನ ಜಾತಕ ಹೇಳುತ್ತೆ.”

ಬೆಳಿಗ್ಗೆ ಅವಳು ಬ್ರೆಡ್ ಮೂಸುವಾಗ ಬಣ್ಣಗಾರ ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿರುತ್ತಿದ್ದ. “ಇನ್ನೂ ಇದೆ,” ಎನ್ನುತ್ತಿದ್ದಳು ಅವಳು. ಅವನು ಗೂಡನ್ನು ಸೋಡಾ ಹಾಕಿ ಉಜ್ಜಿದ. “ಇನ್ನೂ ಇದೆ.” ಅಂಗಡಿಯ ಬಟ್ಟೆಯಲ್ಲೇ ಒಳಗೆ ಬರುವುದನ್ನು ಬಿಟ್ಟು, ಹಿತ್ತಲಲ್ಲೇ ಕೈಕಾಲು ತೊಳೆದು ಬೇರೆ ಅಂಗಿ ತೊಟ್ಟು ಬರತೊಡಗಿದ. ಬೀದಿಯವರಿಗೆಲ್ಲ ಅದೊಂದು ಆಟವಾಯಿತು. “ಯಜಮಾನ್ರು ಡ್ಯೂಟಿಗೆ ಹೊರಟ್ರು, ದಾರಿ ಬಿಡ್ರಪ್ಪಾ” ಎಂದು ಎದುರುಮನೆಯ ಮುದುಕ ದಿನವೂ ಕೂಗುತ್ತಿದ್ದ. ಒಂದು ಬೆಳಿಗ್ಗೆ ಹೆಂಡತಿ ಬ್ರೆಡ್ಡನ್ನು ಮೂಸಿ, ತಿರುಗಿಸಿ ಮೂಸಿ, ಅರ್ಧ ಮುರಿದು ಅವನ ಕೈಗಿಟ್ಟು, ಉಳಿದರ್ಧವನ್ನು ತಾನು ತಿನ್ನುತ್ತಾ ಕೆಲಸಕ್ಕೆ ಹೊರಟುಹೋದಳು.

ರಜೆಯ ದಿನ ಬಂತು. ಮಧ್ಯಾಹ್ನ ಅವಳು ಎಂದಿನಂತೆ ಚಪ್ಪಲಿ ಮೆಟ್ಟಿ, “ತಂಗಿ ಮನೆಗೆ ಹೋಗಿ ಬರ್ತೀನಿ” ಎಂದಾಗ ಬಣ್ಣಗಾರನಿಗೆ ಕಾಲ ಕೆಳಗಿನ ನೆಲ ಜಾರಿತು. ಅವಳು ಹೋದಳು. ಅವನು ಮೆಟ್ಟಿಲ ಮೇಲೆ ಕೂತು, ಷಡ್ಡಕ ಈಗ ತೋಳು ಮಡಚಿರುತ್ತಾನೆ, ಈಗ ನೀರು ಚೆಲ್ಲಿರುತ್ತಾನೆ, ಈಗ ಅವಳು ನಕ್ಕಿರುತ್ತಾಳೆ ಎಂದು ಲೆಕ್ಕ ಹಾಕುತ್ತಾ ಉಗುರು ಕಚ್ಚಿದ.

ಓಣಿಯಲ್ಲಿ ಹೆಜ್ಜೆ ಸದ್ದಾಯಿತು. ಮುಂದೆ ಹೆಂಡತಿ, ಅವಳ ಕಂಕುಳಲ್ಲಿ ಹಸಿರು ಡಬ್ಬಿ. ಹಿಂದೆ ನಾದಿನಿ, ಅವಳ ಕೈಯಲ್ಲಿ ಬಾಚಣಿಗೆ. ಅವಳ ಹಿಂದೆ ಷಡ್ಡಕ, ಪಿಂಗಾಣಿ ಜಗ್ಗನ್ನು ಕೂಸಿನ ಹಾಗೆ ಎದೆಗವಚಿಕೊಂಡು.

“ಡಬ್ಬಿ ಹೋದ ಕಡೆ ನಾವೂ ಅಂತ ಬಂದ್ವಿ ಅಣ್ಣಾ. ಬೇಡ ಅಂದ್ರೆ ಜಗ್ಗು ಬಿಟ್ಟು ಹೋಗ್ತೀವಿ.”

“ಬನ್ನಿ ಬನ್ನಿ,” ಎಂದ ಬಣ್ಣಗಾರ. ಷಡ್ಡಕ ಬಂದದ್ದು ತನಗೆ ಬೇಕಿತ್ತೋ ಬೇಡವಿತ್ತೋ ಅವನಿಗೇ ತಿಳಿಯಲಿಲ್ಲ. ಷಡ್ಡಕ ತೋಳು ಮಡಚಲು ಕೈಹಾಕಿದ್ದು ಕಂಡು, “ನೀನು ಕೂತ್ಕೋ. ಇವತ್ತು ನಾನು,” ಎಂದ.

ಹೊಸ ನೀರು ಹಿಡಿದ. ಜಗ್ಗಿಗೆ ಸ್ನಾನ ಮಾಡಿಸಿದ. ಹೆಂಡತಿ ಪಕ್ಕದಲ್ಲೇ ನಿಂತು ಡಬ್ಬಿಯ ಮುಚ್ಚಳ ತೆಗೆದು, ಮೊದಲು ಅವನ ಮೂಗಿನ ಹತ್ತಿರ ಹಿಡಿದಳು. ಆಮೇಲೆ ತಾನು ಮೂಸಿ ಎಲೆ ಹಾಕಿದಳು. ಮೆಟ್ಟಿಲ ಮೇಲೆ ನಾದಿನಿ ಜಡೆ ಬಿಚ್ಚಿದಳು. ಅವಳು ತುದಿ ಕಟ್ಟಿದ ಕೂಡಲೇ ಅವನು ಸೋಸಿದ. ಜಾಲರಿಯಲ್ಲಿ ಉಳಿದ ಎಲೆಯಿಂದ ಕೊನೆಯ ಹನಿಗಳು ಒಂದೊಂದಾಗಿ ಬೀಳುತ್ತಿದ್ದವು. ಅವನ ಬೆರಳುಗಳು ತಾವಾಗಿಯೇ ಅತ್ತ ಹೋದವು.

“ಹಿಂಡಬೇಡಿ, ಕಹಿಯಾಗುತ್ತೆ,” ಎಂದಳು ಹೆಂಡತಿ ಮೆಲ್ಲಗೆ.

ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮೆಟ್ಟಿಲ ಮೇಲೆ ನಾಲ್ವರೂ ಒತ್ತೊತ್ತಾಗಿ ಕೂತರು. ಬಣ್ಣಗಾರ ಹೆಂಡತಿಗೂ ಷಡ್ಡಕನಿಗೂ ನಡುವೆ ಜಾಗವಿಲ್ಲದಿದ್ದರೂ ಅಲ್ಲೇ ತೂರಿ ಕೂತ. ಹೆಂಡತಿ ಕಪ್ಪನ್ನು ಮೂಗಿಗೆ ತಂದು, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದು, ತನ್ನ ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು. ಅಷ್ಟೇ. ಬಣ್ಣಗಾರನಿಗೆ ಅಷ್ಟು ಸಾಲಲಿಲ್ಲ. ಆಚೆ ತಿರುಗಿದ.

“ಹೇಗಿದೆಯೋ?” ಎಂದು ಷಡ್ಡಕನನ್ನು ಕೇಳಿದ. ಕೇಳುವಾಗ ತನಗೇ ಗೊತ್ತಿಲ್ಲದೆ ತಲೆ ವಾಲಿಸಿದ್ದ.

ಷಡ್ಡಕ ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲಿಸಿಕೊಂಡು ನುಂಗಿದ.

“ಬಿಸಿಯಾಗಿದೆ ಅಣ್ಣಾ.”

ಅಕ್ಕತಂಗಿಯರು ಒಟ್ಟಿಗೆ ನಕ್ಕರು. ಷಡ್ಡಕನಿಗೇ ನಗು ತಡೆಯಲಾಗದೆ ಕೈ ಅಲುಗಿ, ಕಪ್ಪಿನ ಚಹಾ ಅವನ ಬಿಳಿ ಅಂಗಿಯ ಮೇಲೂ ಮೆಟ್ಟಿಲ ಮೇಲೂ ತುಳುಕಿತು. ಬಣ್ಣಗಾರ ಜೇಬಿನಿಂದ ಕರವಸ್ತ್ರ ಎಳೆದು ಒರೆಸಿದ. ಒರೆಸಿದವನು ಅದನ್ನು ಮಡಚಿಡದೆ, ಬಿಸಿಲಿಗೆ ಬಿಡಿಸಿ, ಮೊಣಕಾಲ ಮೇಲೆ ಒಣಹಾಕಿಕೊಂಡು ಕೂತ. ಹಳೆಯ ಮೂಲೆಯ ಪಕ್ಕದಲ್ಲಿ ಹೊಸ ಕಲೆ ನಿಧಾನವಾಗಿ ತಿಳಿಯಾಗುತ್ತಾ, ಒಂದು ಎಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ, ಅದೇ ಬಣ್ಣಕ್ಕೆ ಬಂದು ನಿಂತಿತು.